ಈ ತೂತು ಯಾರದು

ಮೊದಲು ವಾಸನಿ ಬಂತು,
ಒದ್ದಿ ಗೋಣಿಚೀಲದ್ದೂ ಹಳೀ ಹುಣಸಿಹಣ್ಣಿಂದೂ ಕೂಡಿದ ವಾಸನಿ.
ಆಮ್ಯಾಲ ಡ್ರೈವರ್ ಸೀಟಿನ ಮುಂದ ಕಾಲಿಟ್ಟರ
ಚಪ್ಪಲಿ ಚಪಕ್ ಅಂತು.
ಮೂರನೇ ದಿನ ಆರು ಸೀರಿಗೆ ಕಲೆ:
ವಡಗಾವಿ ಮಗ್ಗದಿಂದ ಇಳದು ಇನ್ನೂ ಘಳಿಗಿ ಮುರೀದ ಸೀರಿ,
ಬಾಳೀಹಣ್ಣಿನ ಬಣ್ಣದ ಮ್ಯಾಲ ಚಹಾದ ಬಣ್ಣ.
ಅಂಗಡಿಯವ್ರು ಮಾತಾಡದ ಗಂಟು ವಾಪಸ್ ಕೊಟ್ರು.

ಆರಿದ್ರಾ ಮಳಿ. ಬೆಳಗಾವಿ ಮಳಿಗೆ ಸಿಟ್ಟಿಲ್ಲ, ಗುಡುಗಿಲ್ಲ,
ಸಾಲ ಕೇಳಾಕ ಬಂದ ಬೀಗರಂಗ
ಕುಂತಬಿಡತೈತಿ, ಏಳೂದಿಲ್ಲ.

ಉದ್ಯಮಬಾಗದಾಗ ಫೌಂಡ್ರಿಗಳ ನಡುವ
ಇಲಾಹಿ ಮುಜಾವರನ ತಗಡಿನ ಗ್ಯಾರೇಜು.
"ಮುಂದಿನ ಗಾಜಿನ ರಬ್ಬರ್ ಹೋಗೇತಿ, ಸಿಲಿಕೋನ್ ಹಚ್ಚು" ಅಂದೆ.
ಆತ ಪೆನ್ಸಿಲ್ ಕಿವಿಗೆ ಸಿಗಿಸಿದ.
"ಅಕ್ಕಾರ, ನೀರು ಕಂಡಲ್ಲಿ ತೂತಿರೂದಿಲ್ಲ,
ತೂತಿದ್ದಲ್ಲಿ ನೀರು ಕಾಣೂದಿಲ್ಲ.
ನಡುವ ಒಂದು ಊರ ಇರತೈತಿ."

ಸೀಟು ಬಿಚ್ಚಿದ, ಮ್ಯಾಟು ಸುಲಿದ.
ಸಿಕ್ಕದ್ದು ನಾಕು ರೂಪಾಯಿ ಚಿಲ್ಲರ, ಒಂದು ಮುರುಕು ಲಾಳಿ,
ಮಗಳ ಹೇರ್‌ಪಿನ್ನು,
ಮತ್ತ ಮೊಳಕಿ ಒಡದ ಒಂದು ಕಡಲಿಕಾಳು.
"ತೋಟ ಮಾಡೀರಿ" ಅಂದ.

ನೆಲಕ್ಕ ಹಳೀ ಪೇಪರ್ ಹಾಸಿ, ಅಂಚಿಗೆಲ್ಲ
ಕೂಸಿನ ಪೌಡರ್ ಉದುರಿಸಿ,
ನನ್ನ ಕೈಯಾಗ ಬ್ಯಾಟರಿ ಕೊಟ್ಟು ಬಾಗಲಾ ಹಾಕಿದ.
"ನಾ ಹೊರಗ ಮಳಿ ಆಗತೇನಿ,
ನೀವು ಒಳಗ ಸೀರಿ ಆಗ್ರಿ."

ಪೈಪು ಹಿಡದು ಕೆಳಗಿಂದ ಸುರು ಮಾಡಿದ.
ಮೊದಲ ಮ್ಯಾಲ ಹೊಯ್ದರ ಎಲ್ಲಾ ಕಡೆ ಇಳೀತೈತಿ,
ಕಳ್ಳ ಗದ್ದಲದಾಗ ತಪ್ಪಿಸ್ಕೊಂಡ ಹೋಗತಾನ.
ಬಾಗಲಾ ಬುಡದ ಸಣ್ಣ ಕಿಂಡಿ ಮಣ್ಣು ಕಚ್ಚಿತ್ತು,
ತಂತಿ ಹಾಕಿ ಕೆದರಿದ, ಒಂದು ತಂಬಿಗಿ ಕರೀ ನೀರು ಇಳೀತು.
"ಇದೂ ಒಂದು. ಆದರ ಇದಲ್ಲ."
ಗಾಜು, ಒಣ. ಹಿಡಿಕಿ, ಒಣ. ಮ್ಯಾಲೂ ಒಣ.

ಪೈಪು ಕೆಳಗಿಟ್ಟು ಕೇಳಿದ:
"ನಿಮ್ಮ ಓಣಿ ಇಳಕಲೇನ್ರಿ?"
ಹೌದು, ವ್ಯಾನು ದಿನಾ ಮೂಗು ತಗ್ಗಿಸಿ ನಿಂದರತೈತಿ.
ಹಿಂದಿನ ಗಾಲಿಗೆ ಇಟ್ಟಂಗಿ ಕೊಟ್ಟ. ಮತ್ತ ಮಳಿ.

ಗಾಜಿನ ಆಚೀಕ ಆತನ ಮಾರಿ ಕರಗಿ ಕರಗಿ ಹರೀತಿತ್ತು.
ಒಳಗ ನನ್ನ ಉಸಿರಿಗೇ ಮಂಜು ಕಟ್ಟಿತ್ತು.
ಮಗ್ಗದ ಸಪ್ಪಳದಾಗ ಇಪ್ಪತ್ತು ವರ್ಷ ಸತ್ತ ಕಿವಿ ಇವು,
ಆದರೂ ಕೇಳಿಸ್ತು,
ತಗಡಿನ ಹೊಟ್ಟ್ಯಾಗ ಯಾರೋ ಉಗುರು ಎಳದಂಗ.
"ಬಂತು!"

ಕಂಬದ ಗುಂಟ ಪೌಡರಿನಾಗ ಒಂದು ಗೆರಿ,
ಇರಿವಿ ದಾರಿಯಷ್ಟು.
ಕಂಬದ ಪ್ಲಾಸ್ಟಿಕ್ ತಗದ, ಗೆರಿ ಮ್ಯಾಲ ಹೋತು.
ಮಾಡಿನ ಅರಿವಿ ಇಳಿಸಿದ, ಗೆರಿ ಹಿಂದಕ್ಕ ಹೋತು.
ನನ್ನ ಕಾಲಬುಡಕ್ಕ ಬಿದ್ದ ನೀರು
ಹಿಂದಿನ ಬಾಗಲಾ ಮ್ಯಾಲಿಂದ ಹೊಂಟಿತ್ತು.

ಸ್ಟೂಲ್ ಹತ್ತಿ ಮಾಡಿನ ಸ್ಟಿಕ್ಕರ್ ಕಿತ್ತ.
ನಾಕು ತೂತು. ಯಾರೋ ಸಾಬಾಣ ತುರುಕಿದ್ರು.
ಒಂದು ಪೂರ್ತಿ ಕರಗಿತ್ತು.
ಇಲಾಹಿ ಅದರಾಗ ಬೆರಳಿಟ್ಟು ಸುಮ್ಮನ ನಿಂತ.

"ಇದು ನಂದು."

"ಈ ಗಾಡಿ ಮೊದಲ ಪೆಂಡಾಲದ ಬಾಳೇಶಿಂದು ಇತ್ತೇನ್ರಿ?
ಇದಕ್ಕ ಭೋಂಗಾ ಕೂಡಿಸಿದಾಂವ ನಾನ.
ಸಂಜಿ ಆಗಿತ್ತು, ವಾಶರ್ ತೀರಿದ್ದೂ.
ನಾಳೆ ಬಾ, ಹಾಕಿ ಕೊಡತೇನಿ ಅಂದಿದ್ದೆ.
ಆಂವ ಬರಲಿಲ್ಲ.
ನಾನೂ ಕರೀಲಿಲ್ಲ."

ತುಕ್ಕು ಕೆರದ, ಬಣ್ಣ ಬಳದ,
ನಾಕಕ್ಕೂ ವಾಶರ್ ಹಾಕಿ, ಒಂದೊಂದನ್ನ ಎರಡೆರಡು ಸಲ ಬಿಗದ.
ಲೆಕ್ಕದ ಚೀಟಿಯಾಗ ಸೀಟು ಬಿಚ್ಚಿದ್ದಕ್ಕ ರೊಕ್ಕ ಐತಿ,
ಕಿಂಡಿ ಕೆದರಿದ್ದಕ್ಕ, ಪೌಡರಿಗೂ ಐತಿ.
ಮಾಡು ಅಂತ ಬರದು ಮುಂದ ಏನೂ ಬರದಿಲ್ಲ.
ನಾನೂ ಕೇಳಲಿಲ್ಲ.

ಕಲೆ ಬಿದ್ದ ಒಂದು ಸೀರಿ ನಾನ ಉಡತೇನಿ,
ನಿರಿಗಿ ಒಳಗ ಮುಚ್ಚಿಹೋಗತೈತಿ.
ಈಗ್ಲೂ ವ್ಯಾನಿನಾಗ ಪೇಪರ್ ಹಾಸೂದು ಬಿಟ್ಟಿಲ್ಲ.
ಮುಂಜಾನೆದ್ದು ಗಂಟು ಏರಿಸೂಕಿಂತ ಮೊದಲು
ಬಗ್ಗಿ ಮುಟ್ಟಿ ನೋಡತೇನಿ.
ಒಣಗೇ ಇರತೈತಿ. ಹಂಗ ಬಗ್ಗಿದಾಕಿ
ಹೋದ ವಾರದ ಈರುಳ್ಳಿ ರೇಟು ಓದತೇನಿ.